ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಮಕ್ಕಳಿಗೆ ಪ್ರಕೃತಿ ಶಿಬಿರ ಬೇಕಾ? ಅನುಭವ ಇದ್ದವರು ಹೇಳಿ

ಕೊಪ್ಪಳದ ತಾಯಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ರಜೆ. ಮಗಳಿಗೆ ಹನ್ನೆರಡು ವರ್ಷ, ಮಗ ಈ ಸಲ ಐದನೇ ತರಗತಿಗೆ ಹೋಗುತ್ತಾನೆ. ಹೋದ ವರ್ಷ ರಜೆ ಪೂರ್ತಿ ಇಬ್ಬರೂ ಕೂಲರ್ ಮುಂದೆ ಮೊಬೈಲ್ ಹಿಡಿದುಕೊಂಡೇ ಕಳೆದರು. ಈ ಸಲ ಶಿಬಿರಕ್ಕೆ ಹಾಕೋಣ ಅಂತ ವಿಚಾರಿಸಿದರೆ ಎಲ್ಲಾ ಕಡೆ ಡ್ಯಾನ್ಸ್, ಅಬ್ಯಾಕಸ್, ಕರಾಟೆ, ಕೈಬರಹ. ಗಂಗಾವತಿ ಕಡೆ ಬೇರೆ ತರಹದ ಒಂದು ಶಿಬಿರ ಇದೆ ಅಂತ ಗೆಳತಿ ಹೇಳಿದಳು. ಅಲ್ಲಿ ಮಕ್ಕಳನ್ನು ಬೆಳಿಗ್ಗೆ, ಸಂಜೆ ಹೊರಗೆ ಕರೆದುಕೊಂಡು ಹೋಗಿ ಸುಮ್ನೆ ಕೂರಿಸುತ್ತಾರಂತೆ. ಹಕ್ಕಿ, ಹುಳ, ಗಾಳಿ ಸದ್ದು ಎಲ್ಲವನ್ನೂ ಗಮನವಿಟ್ಟು ನೋಡೋದು, ಕೇಳೋದು ಅಷ್ಟೇ ಅಂತೆ.

ಸುಮ್ನೆ ಕೂರೋದಕ್ಕೆ ದುಡ್ಡು ಕೊಡಬೇಕಾ ಅಂತ ನಮ್ಮ ಮನೆಯವರು ಕೇಳುತ್ತಿದ್ದಾರೆ. ಅದೇ ದುಡ್ಡಲ್ಲಿ ಮಗನಿಗೆ ನವೋದಯ ಕೋಚಿಂಗ್ ಆಗುತ್ತದಲ್ಲ ಅನ್ನುತ್ತಾರೆ. ನನಗೆ ಇನ್ನೊಂದು ಅನುಮಾನ. ಶಿರಸಿ, ಶಿವಮೊಗ್ಗ ಕಡೆ ಆದರೆ ಕಾಡು ಇದೆ, ಹೊಳೆ ಇದೆ. ನಮ್ಮಲ್ಲಿ ಜಾಲಿ ಮುಳ್ಳು, ಬಂಡೆ, ಬಿಸಿಲು. ಮಕ್ಕಳು ನೋಡೋದಾದರೂ ಏನನ್ನ?

ಗಂಗಾವತಿ ಅಕ್ಕ

ಅಕ್ಕಾರೇ, ನಾನು ಗಂಗಾವತಿ ಹತ್ತಿರ ಕೆಲವು ವರ್ಷಗಳಿಂದ ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಪ್ರತಿ ವರ್ಷ ಪಾಲಕರು ಇದನ್ನೇ ಕೇಳುತ್ತಾರೆ.

ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲೇ ಜಾಸ್ತಿ ಕಾಣುತ್ತದೆ. ಎಲೆ ಉದುರಿರುತ್ತದೆ, ಹುಲ್ಲು ಒಣಗಿರುತ್ತದೆ, ನೀರು ಕೆಲವೇ ಕಡೆ ಉಳಿದಿರುತ್ತದೆ. ಹಾಗಾಗಿ ಜೀವಿಗಳು ಮರೆಯಾಗೋಕೆ ಜಾಗ ಕಡಿಮೆ. ಬೆಳಿಗ್ಗೆ ಆರಕ್ಕೆ ಒಂದು ಕೆರೆಯ ದಂಡೆಗೆ ಹೋಗಿ ನೋಡಿ. ಮಣ್ಣಿನ ದಿಬ್ಬದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅದು ಕಳ್ಳಿಪೀರ ಹಕ್ಕಿಯ ಮನೆ. ಈ ತಿಂಗಳುಗಳಲ್ಲೇ ಅದು ಮರಿ ಮಾಡೋದು. ಒಂದು ತೂತಿನಿಂದ ದೂರ ಕೂತು ಅರ್ಧ ಗಂಟೆ ಕಾದರೆ, ಅಪ್ಪ ಅವ್ವ ಎರಡೂ ಸರದಿ ಮೇಲೆ ಕಣಜ, ಜೇನುಹುಳ ಹಿಡಿದು ತರೋದು, ತಂದಿದ್ದನ್ನು ಕೊಂಬೆಗೆ ಬಡಿದು ಬಡಿದು ಕೊಂಡಿ ತೆಗೆಯೋದು ಎಲ್ಲಾ ಕಾಣುತ್ತದೆ. ಇದನ್ನು ನೋಡೋಕೆ ಮಲೆನಾಡಿಗೆ ಹೋಗಬೇಕಾಗಿಲ್ಲ.

ಇನ್ನು ಟಿಟ್ಟಿಭ. ಇದು ಗೂಡೇ ಕಟ್ಟುವುದಿಲ್ಲ. ಬರೀ ನೆಲದಲ್ಲಿ, ಹರಳುಕಲ್ಲಿನ ಮಧ್ಯೆ ಮೊಟ್ಟೆ ಇಡುತ್ತದೆ. ನಮ್ಮ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗಬೇಕು. ಆದರೆ ತಾಯಿ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡುತ್ತದೆ, ಅಥವಾ ನಿಂತು ನೆರಳು ಕೊಡುತ್ತದೆ. ಒಮ್ಮೆ ನಮ್ಮಲ್ಲಿ ಒಬ್ಬ ಹುಡುಗ ಬಂದಿದ್ದ. ಕಂಡ ಕಂಡದ್ದಕ್ಕೆಲ್ಲ ಕಲ್ಲು ಹೊಡೆಯುತ್ತಿದ್ದ. ನಾವು ಬುದ್ಧಿ ಹೇಳಲಿಲ್ಲ. ಅವನು ಕೂರುವ ಜಾಗದಿಂದ ಸ್ವಲ್ಪ ದೂರದಲ್ಲಿ ಈ ಹಕ್ಕಿ ಮೊಟ್ಟೆ ಇಟ್ಟಿತ್ತು. ಅದು ನೆನೆದ ಹೊಟ್ಟೆಯಲ್ಲಿ ಬರುವುದನ್ನು ಅವನೇ ಮೊದಲು ಕಂಡುಹಿಡಿದ. ಆಮೇಲೆ ಯಾರಾದರೂ ಆ ಕಡೆ ಕಾಲಿಟ್ಟರೆ ಓಡಿ ಬಂದು ತಡೆಯುತ್ತಿದ್ದ, ಉಳಿದವರಿಗೆ ಸುತ್ತುದಾರಿ ತೋರಿಸುತ್ತಿದ್ದ. ಊರಿಗೆ ಹೋದ ಮೇಲೆ ಏನಾದನೋ ನಾನು ಹೇಳಲಾರೆ, ಆದರೆ ಆ ದಿನಗಳಲ್ಲಿ ಅವನ ಕೈಯಲ್ಲಿ ಕಲ್ಲು ಕಾಣಲಿಲ್ಲ.

ನಾವು ಏನು ಮಾಡುತ್ತೇವೆ ಅಂದರೆ, ಪ್ರತಿ ಮಗುವೂ ಮೊದಲ ದಿನ ತನಗೆ ಇಷ್ಟವಾದ ಒಂದು ಜಾಗ ಆರಿಸಿಕೊಳ್ಳುತ್ತದೆ. ಬೇವಿನ ಬುಡ, ಬಂಡೆಯ ನೆರಳು, ಬಾವಿ ಕಟ್ಟೆಯಿಂದ ದೂರದ ಒಂದು ಕಲ್ಲು, ಎಲ್ಲಾದರೂ ಸರಿ, ಆದರೆ ನಮ್ಮ ಕಣ್ಣಳತೆಯಲ್ಲಿರಬೇಕು. ದಿನಾ ಅದೇ ಜಾಗ. ಸಣ್ಣವರು ಹತ್ತು ನಿಮಿಷ, ದೊಡ್ಡವರು ಇಪ್ಪತ್ತು. ಕಣ್ಣು ಮುಚ್ಚಿ ಧ್ಯಾನ ಮಾಡು ಅಂತ ಹೇಳುವುದಿಲ್ಲ. ಕಣ್ಣು ತೆರೆದೇ ಇರಲಿ. ಮೊದಮೊದಲು ಬೇಜಾರು ಅನ್ನುತ್ತಾರೆ, ಕಡ್ಡಿಯಲ್ಲಿ ಗೀಚುತ್ತಾರೆ, ಪಕ್ಕದವರನ್ನು ಕರೆಯುತ್ತಾರೆ. ಅದು ಇರಲಿ ಬಿಡಿ. ಆ ಬೇಜಾರನ್ನು ನಾವು ಆಟದಿಂದ ತುಂಬಿಸಿಬಿಟ್ಟರೆ ಮುಂದಿನದು ಬರುವುದೇ ಇಲ್ಲ. ಬೇಜಾರಾದ ಮೇಲೇನೇ ಮಗು ತನ್ನ ಕಾಲ ಬುಡದ ಇರುವೆ ಸಾಲು ಎಲ್ಲಿಗೆ ಹೋಗುತ್ತಿದೆ ಅಂತ ನೋಡೋಕೆ ಶುರು ಮಾಡೋದು.

ಇನ್ನೊಂದು ಕೆಲಸ ಸದ್ದಿನ ನಕ್ಷೆ. ಹಾಳೆಯ ನಡುವೆ ಒಂದು ಚುಕ್ಕೆ ಇಡುತ್ತಾರೆ, ಅದು ತಾನು. ಯಾವ ದಿಕ್ಕಿನಿಂದ ಯಾವ ಸದ್ದು ಬಂತೋ ಅಲ್ಲಿ ಒಂದು ಗುರುತು. ಕೋಗಿಲೆ, ಪಂಪ್‌ಸೆಟ್, ಯಾರದೋ ಬೈಕ್, ಒಣ ಎಲೆ ಮೇಲೆ ಓತಿಕ್ಯಾತ ಓಡಿದ್ದು, ಎಲ್ಲವೂ ಬರಬಹುದು. ಬೈಕ್ ಸದ್ದು ಕೆಟ್ಟದ್ದು, ಕೋಗಿಲೆ ಒಳ್ಳೆಯದು ಅಂತ ನಾವು ಹೇಳಿಕೊಡುವುದಿಲ್ಲ. ಕೇಳಿದ್ದನ್ನು ಹಾಕು ಅಷ್ಟೇ. ವಾರ ಕಳೆಯುವುದರೊಳಗೆ ಹಾಳೆ ತುಂಬುತ್ತಾ ಹೋಗುತ್ತದೆ. ಜಾಗ ಅದೇ, ಸದ್ದೂ ಹೆಚ್ಚುಕಡಿಮೆ ಅವೇ. ಕಿವಿ ಮಾತ್ರ ಚುರುಕಾಗಿರುತ್ತದೆ.

ಸಿರುಗುಪ್ಪ ರೈತ

ಅಕ್ಕಾವರು ಹೇಳಿದ್ದು ಚೆನ್ನಾಗಿದೆ. ಆದರೆ ಒಂದು ಮಾತು ಕೇಳಬೇಕು. ಹೊಲದಲ್ಲೇ ಹುಟ್ಟಿ ಬೆಳೆದವರಿಗೆ ಇದೆಲ್ಲ ಹೊಸದಾ? ನಾವು ಸಣ್ಣವರಿದ್ದಾಗ ಎಮ್ಮೆ ಕಾಯೋಕೆ ಹೋಗಿ ಮಧ್ಯಾಹ್ನ ಪೂರ್ತಿ ಹುಣಸೆ ಮರದ ಕೆಳಗೆ ಇರುತ್ತಿದ್ದೆವು. ಅದಕ್ಕೆ ಯಾರೂ ಶಿಬಿರ ಅನ್ನಲಿಲ್ಲ.

ಈಗಿನ ಮಾತು ಬೇರೆ, ಅದನ್ನೂ ಒಪ್ಪುತ್ತೇನೆ. ನಮ್ಮ ಊರಲ್ಲೂ ಎಮ್ಮೆ ಕಾಯುವ ಹುಡುಗನ ಕೈಯಲ್ಲಿ ಫೋನ್ ಇದೆ. ಕಾಲುವೆ ನೀರು ನಿಂತು ಗದ್ದೆ ಒಣಗಿದ ಮೇಲೆ ಹೊಲದ ಕಡೆ ಮಕ್ಕಳು ಬರುವುದೇ ಇಲ್ಲ. ನನ್ನ ಮೊಮ್ಮಕ್ಕಳಿಗೆ ಜಾಲಿಯಲ್ಲಿ ಎರಡು ಜಾತಿ ಇದೆ ಅಂತಲೇ ಗೊತ್ತಿರಲಿಲ್ಲ. ಕರಿಜಾಲಿ ನಮ್ಮದು. ಬಳ್ಳಾರಿ ಜಾಲಿ ಅಮೆರಿಕ ಖಂಡದ ಕಡೆಯಿಂದ ಬಂದದ್ದು, ನಮ್ಮ ಜಿಲ್ಲೆ ಹೆಸರು ಹೊತ್ತುಕೊಂಡು ನಾಡೆಲ್ಲಾ ಹಬ್ಬಿದೆ. ಆಡು, ಕುರಿ ಕಾಯಿ ತಿಂದು ಹಿಕ್ಕೆ ಹಾಕಿದ ಕಡೆಯೆಲ್ಲಾ ಹುಟ್ಟುತ್ತದೆ. ಮಕ್ಕಳನ್ನು ಒಂದು ದಿನ ಬೇವಿನ ಮರದ ಕೆಳಗೆ, ಇನ್ನೊಂದು ದಿನ ಬಳ್ಳಾರಿ ಜಾಲಿಯ ಪೊದೆ ಹತ್ತಿರ ಕೂರಿಸಿ. ಯಾವುದಕ್ಕೆ ಎಷ್ಟು ಹಕ್ಕಿ ಬಂತು, ಕೆಳಗೆ ಏನು ಬೆಳೆದಿದೆ, ನೆರಳು ಹೇಗಿದೆ ಅಂತ ಅವರೇ ನೋಡಲಿ. ನಾವು ಪಾಠ ಹೇಳೋದು ಬೇಡ.

ಇನ್ನೊಂದು ಸಲಹೆ. ಶಿಬಿರದಲ್ಲಿ ಊರ ಅಜ್ಜ ಅಜ್ಜಿಯರನ್ನು ಕೂರಿಸಿಕೊಳ್ಳಿ. ಏಪ್ರಿಲ್ ನಡುವೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕಾ, ಮೇ 25ರ ಸುಮಾರಿಗೆ ರೋಹಿಣಿ. ರಜೆ ಪೂರ್ತಿ ಈ ಮಳೆಗಳ ಲೆಕ್ಕದಲ್ಲೇ ಬರುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತ ಗಾದೆ ಇದೆಯಲ್ಲ, ಅದನ್ನು ಹೇಳಿದ ಅಜ್ಜ ಮೋಡ ನೋಡಿಯೇ ಇವತ್ತು ಗಾಳಿ ಬರುತ್ತೋ ಮಳೆ ಬರುತ್ತೋ ಅನ್ನುತ್ತಾನೆ. ಹತ್ತರಲ್ಲಿ ನಾಲ್ಕು ಸಲ ತಪ್ಪಿದರೂ ಚಿಂತೆಯಿಲ್ಲ. ಮಗು ಮೋಡದ ಕಡೆ ತಲೆ ಎತ್ತುತ್ತದೆ.

ರಾಯಚೂರು ತಂದೆ

ನಾನು ಸ್ವಲ್ಪ ನೇರವಾಗಿ ಕೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನಮ್ಮ ಭಾಗ ಓದಿನಲ್ಲಿ ಹಿಂದೆ ಇದೆ ಅಂತ ಪ್ರತಿ ವರ್ಷ ಹತ್ತನೇ ತರಗತಿ ಫಲಿತಾಂಶ ಬಂದಾಗ ಪೇಪರ್‌ನಲ್ಲಿ ಓದುತ್ತೇವೆ. ಮಗುವಿಗೆ ನವೋದಯ ಅಥವಾ ಮೊರಾರ್ಜಿ ಶಾಲೆಯಲ್ಲಿ ಸೀಟು ಸಿಕ್ಕರೆ ಒಂದು ಮನೆಯೇ ಮೇಲೆ ಬರುತ್ತದೆ. ಅಂಥದ್ದರಲ್ಲಿ ಬೇಸಿಗೆಯ ಒಳ್ಳೆ ಸಮಯವನ್ನು ಇರುವೆ ನೋಡೋಕೆ ಕೊಟ್ಟರೆ ಓದಿಗೆ ಏನು ಲಾಭ? ಇದಕ್ಕೆ ಅಧ್ಯಯನ ಏನಾದರೂ ಇದೆಯಾ, ಅಥವಾ ನಮ್ಮ ನಮ್ಮ ನಂಬಿಕೆಯಾ?

ಸಂಡೂರು ಮೇಷ್ಟ್ರು

ರಾಯಚೂರು ಸರ್, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನನಗೆ ಗೊತ್ತಿರುವ ಮೂರು ವಿಷಯ ಹೇಳುತ್ತೇನೆ, ಅವುಗಳ ಮಿತಿಯನ್ನೂ ಹೇಳುತ್ತೇನೆ.

ಅಮೆರಿಕದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರ ಹೊತ್ತಿಗೆ ಒಂದು ವಿಚಾರ ಮುಂದಿಟ್ಟರು. ಲೆಕ್ಕ ಮಾಡುವಾಗ, ಓದುವಾಗ ನಾವು ಬಲವಂತವಾಗಿ ಗಮನ ಹಿಡಿದಿಡುತ್ತೇವೆ. ಆ ಶಕ್ತಿ ದಣಿಯುತ್ತದೆ. ಎಲೆ ಅಲ್ಲಾಡೋದು, ನೀರು ಹರಿಯೋದು, ಮೋಡ ಸರಿಯೋದು ನೋಡುವಾಗ ಗಮನ ತಾನಾಗಿ ಹೋಗುತ್ತದೆ, ದಣಿದ ಶಕ್ತಿಗೆ ಬಿಡುವು ಸಿಗುತ್ತದೆ. ತರಗತಿಯಲ್ಲಿ ಮಧ್ಯಾಹ್ನದ ಪೀರಿಯಡ್ ತೆಗೆದುಕೊಳ್ಳುವ ಎಲ್ಲಾ ಮೇಷ್ಟ್ರಿಗೂ ಈ ದಣಿವು ಗೊತ್ತು.

ಎರಡನೆಯದು ನೇರವಾಗಿ ಶಿಬಿರದ ಬಗ್ಗೆಯೇ. 2014ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಆರನೇ ತರಗತಿಯ 51 ಮಕ್ಕಳನ್ನು ಐದು ದಿನ ಒಂದು ಹೊರಾಂಗಣ ಶಿಬಿರದಲ್ಲಿ ಫೋನ್, ಟಿವಿ ಅಂತ ಯಾವ ಪರದೆಯೂ ಇಲ್ಲದೆ ಇರಿಸಿ ನೋಡಿದರು. ಅದೇ ಶಾಲೆಯ 54 ಮಕ್ಕಳು ಶಿಬಿರಕ್ಕೆ ಹೋಗದೆ ಎಂದಿನಂತೆ ಇದ್ದರು. ಶಿಬಿರಕ್ಕೆ ಹೋದವರು ಬೇರೆಯವರ ಮುಖ ನೋಡಿ ಸಿಟ್ಟು, ದುಃಖ, ಹೆದರಿಕೆ ಗುರುತಿಸುವುದರಲ್ಲಿ ಉಳಿದವರಿಗಿಂತ ಜಾಸ್ತಿ ಸುಧಾರಿಸಿದ್ದರು. ಫೋನ್ ಇಲ್ಲದ್ದಕ್ಕೆ ಹೀಗಾಯಿತೋ, ಜೊತೆಗಾರರ ಜೊತೆ ಮುಖ ನೋಡಿ ಮಾತಾಡಿದ್ದಕ್ಕೋ, ಮರಗಿಡದ ಮಧ್ಯೆ ಇದ್ದದ್ದಕ್ಕೋ ಅಂತ ಬಿಡಿಸಿ ಹೇಳೋಕೆ ಅದರಿಂದ ಆಗುವುದಿಲ್ಲ. ಪಾಲಕರಾಗಿ ನಮಗೆ ಮೂರೂ ಒಟ್ಟಿಗೆ ಸಿಕ್ಕರೆ ನಷ್ಟ ಏನಿಲ್ಲ ಅಲ್ವಾ.

ಮೂರನೆಯದು ಕಣ್ಣಿಗೆ ಸಂಬಂಧಿಸಿದ್ದು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಜಾಸ್ತಿ ಹೊರಗಿನ ಬೆಳಕಿನಲ್ಲಿ ಚಟುವಟಿಕೆ ಕೊಟ್ಟು ಮೂರು ವರ್ಷ ಗಮನಿಸಿದರು. ಫಲಿತಾಂಶ 2015ರಲ್ಲಿ ಬಂತು. ಹೊರಗೆ ಹೋಗದ ಗುಂಪಿನಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಸುಮಾರು 40, ಹೋದ ಗುಂಪಿನಲ್ಲಿ ಸುಮಾರು 30. ನನ್ನ ತರಗತಿಯಲ್ಲಿ ಕನ್ನಡಕದ ಮಕ್ಕಳು ವರ್ಷಾ ವರ್ಷಾ ಜಾಸ್ತಿ ಆಗುತ್ತಿದ್ದಾರೆ, ಆದ್ದರಿಂದ ಈ ವಿಷಯ ನನಗೆ ತುಂಬಾ ಮುಖ್ಯ.

ಇವ್ಯಾವೂ ನಮ್ಮ ಜಿಲ್ಲೆಯ ಮಕ್ಕಳ ಮೇಲೆ ಮಾಡಿದ್ದಲ್ಲ. ಹತ್ತು ದಿನ ಬೇವಿನ ಕೆಳಗೆ ಕೂತರೆ ಗಣಿತದಲ್ಲಿ ಅಂಕ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಕೋಚಿಂಗ್‌ಗೂ ಗಮನ ಹಿಡಿಯುವ ಮಗುವೇ ಬೇಕು. ಬೆಳಿಗ್ಗೆ ಆರರಿಂದ ಎಂಟೂವರೆ ಹೊರಗೆ, ಹತ್ತಕ್ಕೆ ಕೋಚಿಂಗ್, ಎರಡೂ ಆಗುತ್ತದಲ್ಲ? ಇದು ಅಥವಾ ಅದು ಅಂತ ನಾವೇ ಯಾಕೆ ಗೆರೆ ಹಾಕಬೇಕು.

ಇನ್ನೊಂದು ಮಾತು ಹೇಳಲೇಬೇಕು. ಸಂಡೂರಿನಲ್ಲಿ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದರೆ ಒಂದು ಕಡೆ ನಾರಿಹಳ್ಳದ ಹಸಿರು, ಇನ್ನೊಂದು ಕಡೆ ಅದಿರಿಗಾಗಿ ಕಡಿದ ಕೆಂಪು ಮೆಟ್ಟಿಲು. ಎಲೆ ಮೇಲೆ ಕೆಂಪು ಧೂಳು. ಮಕ್ಕಳು ಬೆರಳಿಂದ ಒರೆಸಿ ನೋಡುತ್ತಾರೆ. ಇದು ಯಾಕೆ ಹೀಗೆ ಸರ್ ಅಂತ ಕೇಳುತ್ತಾರೆ. ಕೇಳಿದವರಲ್ಲಿ ಅರ್ಧ ಮಕ್ಕಳ ಅಪ್ಪಂದಿರು ಗಣಿಯಲ್ಲಿ ಅಥವಾ ಲಾರಿಯಲ್ಲಿ ದುಡಿಯುವವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಮನೆಯಲ್ಲಿ ದುಡ್ಡಿಗೆ ಎಷ್ಟು ಕಷ್ಟ ಆಗಿತ್ತು ಅನ್ನೋದೂ ಅವರ ಮನೆಯ ಮಾತೇ. ಪ್ರಕೃತಿ ಜೊತೆ ಇರೋದು ಅಂದರೆ ಚಂದದ ಜಾಗ ಮಾತ್ರ ತೋರಿಸೋದು ಅಂತ ಶಿಬಿರದವರು ತಿಳಿದರೆ ನನಗೆ ಅದು ಸಾಲದು. ನಾನು ಮಕ್ಕಳಿಗೆ ಉತ್ತರ ಕೊಡೋಕೆ ಆತುರ ಮಾಡುವುದಿಲ್ಲ. ಎರಡೂ ಕಡೆ ಒಂದಷ್ಟು ಹೊತ್ತು ಕೂರಿಸುತ್ತೇನೆ. ಎರಡೂ ಕಡೆಯ ಸದ್ದಿನ ನಕ್ಷೆ ಬರೆಸುತ್ತೇನೆ. ಆ ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ಮಕ್ಕಳು ಮಾಡುವ ಮಾತುಕತೆ ನನ್ನ ಪಾಠಕ್ಕಿಂತ ಮೇಲು.

ಬಳ್ಳಾರಿ ನರ್ಸ್

ಎಲ್ಲರೂ ಒಳ್ಳೆ ಮಾತು ಹೇಳಿದ್ದೀರಿ. ನಾನು ಆಸ್ಪತ್ರೆ ಕಡೆಯಿಂದ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳಿಗೆ ಆಡುವಾಗ ಬಾಯಾರಿಕೆ ಆಗಿದ್ದೇ ಗೊತ್ತಾಗುವುದಿಲ್ಲ.

ಶಿಬಿರ ಆರಿಸುವಾಗ ಮೊದಲು ವೇಳಾಪಟ್ಟಿ ಕೇಳಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬಯಲಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ ಕಳಿಸಲೇಬೇಡಿ, ಎಷ್ಟೇ ಒಳ್ಳೆ ಹೆಸರಿದ್ದರೂ. ಬೇಡ ಅಂದರೂ ಅರ್ಧ ಗಂಟೆಗೊಮ್ಮೆ ನೀರು ಕುಡಿಸಬೇಕು. ಮಜ್ಜಿಗೆ, ಅಂಬಲಿ, ನಿಂಬೆಹಣ್ಣಿನ ಶರಬತ್ತು ಎಲ್ಲಾ ಒಳ್ಳೆಯದೇ. ಓಆರ್‌ಎಸ್ ಪೊಟ್ಟಣ ಇರಲೇಬೇಕು, ಪೊಟ್ಟಣದ ಮೇಲೆ ಒಂದು ಲೀಟರ್ ಅಂತ ಇದ್ದರೆ ಒಂದು ಲೀಟರ್ ನೀರಿಗೇ ಕಲಸಬೇಕು, ಅರ್ಧ ಲೋಟಕ್ಕೆ ಅಲ್ಲ. ಮೂತ್ರ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ತಲೆನೋವು, ವಾಕರಿಕೆ, ತಲೆಸುತ್ತು ಅಂದ ಕೂಡಲೇ ನೆರಳಿಗೆ ಕರೆತಂದು ಮಲಗಿಸಿ ಗಾಳಿ ಹಾಕಿ, ನೀರು ಕೊಡಿ. ಮಗು ತೊದಲುತ್ತಿದೆ, ಅಸಂಬದ್ಧ ಮಾತಾಡುತ್ತಿದೆ, ಮೈ ಕಾದಿದೆ ಅಂದರೆ ಕಾಯಬೇಡಿ. ಮೈ ಮೇಲೆ ನೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿ.

ಹಾವು, ಚೇಳಿನ ವಿಷಯ. ಕಲ್ಲು ಮಗುಚಿ ಹುಳ ನೋಡೋದು ಬೇರೆ ದೇಶದ ಶಿಬಿರಗಳಲ್ಲಿ ಮಾಡಿಸುತ್ತಾರೆ. ನಮ್ಮ ಬಂಡೆ ಸೀಮೆಯಲ್ಲಿ ಅದು ಖಂಡಿತ ಬೇಡ. ಕಲ್ಲಿನ ಕೆಳಗೆ ಕೆಂಪು ಚೇಳು ಇರುತ್ತದೆ. ಮಕ್ಕಳಿಗೆ ಅದರ ವಿಷ ಹೃದಯಕ್ಕೇ ತೊಂದರೆ ಕೊಡಬಹುದು. ಕಡಿದರೆ ಮಂತ್ರ, ಮನೆಮದ್ದು ಅಂತ ಹೊತ್ತು ಕಳೆಯಬೇಡಿ. ಹಾವು ಕಚ್ಚಿದರೂ ಅಷ್ಟೇ. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದ ಹಾಗೆ ಇಟ್ಟು ನಂಜು ಇಳಿಸುವ ಇಂಜೆಕ್ಷನ್ ಇರುವ ಆಸ್ಪತ್ರೆಗೆ ತನ್ನಿ. ಯಾವ ಆಸ್ಪತ್ರೆಯಲ್ಲಿ ಅದು ಇದೆ ಅಂತ ಶಿಬಿರದವರು ಮೊದಲೇ ವಿಚಾರಿಸಿ ಇಟ್ಟುಕೊಂಡಿರಬೇಕು.

ಇನ್ನು ಸಿಡಿಲು. ಇದನ್ನು ಎಲ್ಲರೂ ಮರೆಯುತ್ತಾರೆ. ನಮ್ಮಲ್ಲಿ ಈ ಎರಡು ತಿಂಗಳು ಸಂಜೆ ಹೊತ್ತಿಗೇ ಗುಡುಗು ಮಳೆ. ಕುರಿ ಕಾಯುವವರು, ಹೊಲದಲ್ಲಿದ್ದವರು ಮರದ ಕೆಳಗೆ ನಿಂತು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಮರದ ಬುಡದ ಎಲ್ಲಾ ಜಾಗ ಬಿಟ್ಟು ಎಲ್ಲರೂ ಪಕ್ಕಾ ಕಟ್ಟಡದೊಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬಿಡಬಾರದು.

ಗಂಗಾವತಿ ಅಕ್ಕ

ನರ್ಸ್ ಅಕ್ಕಾರೇ, ನೀವು ಬರೆದದ್ದನ್ನು ಹಾಗೇ ಮುದ್ರಿಸಿ ನಮ್ಮ ಶಿಬಿರದ ಬಾಗಿಲಿಗೆ ಅಂಟಿಸುತ್ತೇನೆ. ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ ಆದ ಮೇಲೆ ಎಲ್ಲರೂ ಒಳಗೆ. ಸಂಜೆ ಐದರ ನಂತರವೇ ಮತ್ತೆ ಹೊರಗೆ. ನೀರಿನ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ತುಂಗಭದ್ರೆ ಬೇಸಿಗೆಯಲ್ಲಿ ತಗ್ಗಿರುತ್ತದೆ, ಮಂಡಿ ಮಟ್ಟ ಅನ್ನಿಸುತ್ತದೆ. ಬಂಡೆಗಳ ಸಂದಿಯಲ್ಲಿ ಮಡು, ಸುಳಿ ಇರುತ್ತವೆ, ಮೊಸಳೆಯೂ ಇದೆ. ನಾವು ನದಿಯನ್ನು ದಂಡೆಯ ಮೇಲಿಂದ ನೋಡುತ್ತೇವೆ, ಇಳಿಯುವುದಿಲ್ಲ. ಇಳಿಸುವ ಶಿಬಿರಕ್ಕೆ ಮಕ್ಕಳನ್ನು ಕೊಡಬೇಡಿ.

ದಂಡೆಯಿಂದ ನೋಡಿದರೂ ಬೇಕಾದಷ್ಟು ಸಿಗುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ ಘೋಷಿಸಿದ್ದಾರೆ. ನೀರುನಾಯಿಗಳು ಗುಂಪಾಗಿ ಮೀನು ಹಿಡಿಯುತ್ತವೆ. ಬೆಳಿಗ್ಗೆ ಬಂಡೆ ಮೇಲೆ ಮೈ ಒರೆಸಿಕೊಳ್ಳುತ್ತವೆ. ಒಂದು ದಿನ ಹೋಗಿ ಕಾಣಲೇಬೇಕು ಅಂದರೆ ಕಾಣುವುದಿಲ್ಲ. ಅದಕ್ಕೇ ನಾನು ಇಂಥ ಜಾಗಕ್ಕೆ ಮೊದಲ ದಿನವೇ ಕರೆದುಕೊಂಡು ಹೋಗುವುದಿಲ್ಲ. ದರೋಜಿ ಕರಡಿಧಾಮಕ್ಕೂ ಹಾಗೇ. ಅಲ್ಲಿ ಸಂಜೆ ವೀಕ್ಷಣಾ ಗೋಪುರದಿಂದ ಕರಡಿ ಕಾಣುತ್ತದೆ. ಆದರೆ ಕಾಯೋಕೆ ಬಾರದ ಮಕ್ಕಳಿಗೆ ಹತ್ತು ನಿಮಿಷಕ್ಕೆ ಸಾಕಾಗುತ್ತದೆ, ಕರಡಿ ಎಲ್ಲಿ ಕರಡಿ ಎಲ್ಲಿ ಅಂತ ಗಲಾಟೆ ಮಾಡುತ್ತಾರೆ. ಮೊದಲು ಇರುವೆ ಮುಂದೆ ಕೂತು ಬಂದವರು ಅಲ್ಲಿ ನವಿಲು, ಓತಿಕ್ಯಾತ, ಬಂಡೆಯ ನೆರಳು ಸರಿಯೋದು ಎಲ್ಲಾ ನೋಡುತ್ತಾ ಕೂರುತ್ತಾರೆ. ಕರಡಿ ಬಂದರೆ ಇನ್ನೂ ಖುಷಿ.

ಹಿರೇಬೆಣಕಲ್ ಗುಡ್ಡ ನನಗೆ ಎಲ್ಲಕ್ಕಿಂತ ಇಷ್ಟ. ಬೆಳಗಿನ ಜಾವವೇ ಹತ್ತಿ, ಬಿಸಿಲೇರುವ ಮುಂಚೆ ಇಳಿಯಬೇಕು, ಊರಿನ ದಾರಿ ಗೊತ್ತಿದ್ದವರು ಜೊತೆಗಿರಬೇಕು, ಯಾಕೆಂದರೆ ಆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಟ ಇದೆ. ಮೇಲೆ ಕಬ್ಬಿಣ ಯುಗದ ಕಲ್ಲಿನ ಗೋರಿಗಳು ನೂರಾರು ಇವೆ. ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿರುತ್ತಾರೆ, ಒಂದು ಬದಿಗೆ ಗುಂಡನೆ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಳೆಯವು. ಸುತ್ತಲಿನ ಬಂಡೆ ಅದಕ್ಕಿಂತ ಎಷ್ಟೋ ಹಳೆಯದು, ನಮ್ಮ ಕಡೆಯ ಈ ಗ್ರಾನೈಟ್‌ಗೆ 250 ಕೋಟಿ ವರ್ಷ ಅನ್ನುತ್ತಾರೆ. ಈ ಸಂಖ್ಯೆ ಹೇಳಿದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಬಂಡೆಗೆ ಬೆನ್ನು ಆನಿಸಿ ಕೂತು, ರಾತ್ರಿಯ ತಂಪು ಇನ್ನೂ ಅದರಲ್ಲಿ ಉಳಿದಿರುವುದು ಬೆನ್ನಿಗೆ ತಾಗಿದ ಮೇಲೆ ಹೇಳಿದರೆ ಪ್ರಶ್ನೆಗಳು ಶುರುವಾಗುತ್ತವೆ.

ದೇವದುರ್ಗದ ಗ್ರಂಥಾಲಯದಾಕೆ

ನಾನು ಗ್ರಾಮ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಇಲ್ಲಿ ಮಾತಾಡುತ್ತಿರುವ ಶಿಬಿರಕ್ಕೆ ನಮ್ಮ ಮಕ್ಕಳು ಬರಲಾರರು, ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮಕ್ಕಳು ಅಜ್ಜಿ ಜೊತೆ ಇರುತ್ತಾರೆ, ಇಲ್ಲವೇ ಅವರೂ ಜೊತೆಗೆ ಹೋಗಿ ಕಟ್ಟಡದ ಮರಳ ರಾಶಿ ಪಕ್ಕ ರಜೆ ಕಳೆಯುತ್ತಾರೆ. ಇನ್ನು ಕೆಲವರು ಮೆಣಸಿನಕಾಯಿ, ಹತ್ತಿ ಕೆಲಸದಲ್ಲಿ ದೊಡ್ಡವರ ಜೊತೆ ಬಿಸಿಲಲ್ಲೇ ಇದ್ದವರು. ಆ ಮಕ್ಕಳಿಗೆ ಹೊಲ ಅಂದರೆ ದುಡಿಮೆ. ಅವರನ್ನು ಹೊರಗೆ ಕರೆದುಕೊಂಡು ಹೋಗಿ ಪ್ರಕೃತಿ ನೋಡು ಅಂದರೆ ಏನನ್ನಿಸುತ್ತದೆ ಅಂತ ಯೋಚನೆ ಮಾಡಿ.

ನಾನು ಮಾಡುವುದು ಸಣ್ಣದು. ಬೇಸಿಗೆಯಲ್ಲಿ ಗ್ರಂಥಾಲಯದಲ್ಲಿ ಶಿಬಿರ ನಡೆಸಲು ಇಲಾಖೆಯೇ ಹೇಳುತ್ತದೆ. ಅದರಲ್ಲಿ ಬೆಳಗಿನ ಮೊದಲ ಒಂದು ಗಂಟೆಯನ್ನು ಬೇವಿನ ಕಟ್ಟೆಗೆ ಕೊಡುತ್ತೇನೆ. ಮೊದಲು ತಿನ್ನೋಕೆ ಏನಾದರೂ, ಆಮೇಲೆ ಬೇರೆ ಎಲ್ಲಾ. 2024ರ ಬರದಲ್ಲಿ ಸರ್ಕಾರ ರಜೆಯಲ್ಲೂ ಶಾಲೆಯಲ್ಲಿ ಊಟ ಕೊಟ್ಟಾಗ ಮಕ್ಕಳ ಮುಖದಲ್ಲಿ ವ್ಯತ್ಯಾಸ ಕಂಡಿದ್ದೇನೆ. ಹಸಿದ ಮಗುವಿಗೆ ಸುಮ್ನೆ ಕೂರು ಅನ್ನೋಕೆ ನಮಗೆ ಹಕ್ಕಿಲ್ಲ.

ತಿಂದ ಮೇಲೆ ಒಬ್ಬೊಬ್ಬರಿಗೆ ಅರ್ಧ ಹಾಳೆ, ಒಂದು ಪೆನ್ಸಿಲ್. ಕಟ್ಟೆಯ ಮೂಲೆಯಲ್ಲಿ, ಮಳೆ ಬೀಳದ ನುಣ್ಣನೆ ಧೂಳಿನಲ್ಲಿ ಸಣ್ಣ ಗುಂಡಿ ತೋಡಿಕೊಂಡು ಒಂದು ಹುಳ ಇರುತ್ತದಲ್ಲ, ಹಿಂದಕ್ಕೇ ನಡೆಯೋದು, ನಮ್ಮ ಮಕ್ಕಳಿಗೆ ಅದರ ಮೇಲೆ ತುಂಬಾ ಪ್ರೀತಿ. ಇರುವೆ ಗುಂಡಿಗೆ ಜಾರಿದರೆ ಅದು ತಳದಿಂದ ಮಣ್ಣು ಎರಚಿ ಮತ್ತೆ ಬೀಳಿಸುತ್ತದೆ. ಒಬ್ಬಳು ಹುಡುಗಿ, ಮನೆಯಲ್ಲಿ ಮೂರು ಜನ ತಮ್ಮ ತಂಗಿಯರನ್ನು ಅವಳೇ ನೋಡಿಕೊಳ್ಳುತ್ತಾಳೆ. ಒಂದು ಗಂಟೆ ಯಾರೂ ಅವಳನ್ನು ಕರೆಯದ ಹಾಗೆ ನಾನು ಸಣ್ಣವರನ್ನು ಹಿಡಿದಿಟ್ಟುಕೊಳ್ಳುತ್ತೇನೆ. ಅವಳು ಏನು ನೋಡುತ್ತಾಳೋ ನಾನು ಕೇಳುವುದಿಲ್ಲ. ದುಡಿಯುವ ಮಗುವಿಗೆ ಯಾವ ಕೆಲಸವೂ ಇಲ್ಲದ ಒಂದು ಗಂಟೆ ಕೊಡೋದೇ ದೊಡ್ಡ ವಿಷಯ ಅಂತ ನನಗೆ ಅನ್ನಿಸಿದೆ. ಶಿಬಿರ ನಡೆಸುವವರು ದಯವಿಟ್ಟು ನಿಮ್ಮಲ್ಲಿ ಕೆಲವು ಜಾಗ ಇಂಥ ಮಕ್ಕಳಿಗೆ ಇಡಿ, ಅಥವಾ ನೀವೇ ಒಂದು ದಿನ ನಮ್ಮ ಕಟ್ಟೆಗೆ ಬನ್ನಿ.

ಗಂಗಾವತಿ ಅಕ್ಕ

ಅಕ್ಕಾ, ಬರುತ್ತೇನೆ. ದಿನ ನೀವೇ ಹೇಳಿ, ನಾನು ನಿಮಗೆ ಬೇರೆಯಾಗಿ ಬರೆಯುತ್ತೇನೆ. ನೀವು ಹೇಳಿದ ಊಟದ ಮಾತು ನೂರಕ್ಕೆ ನೂರು ಸರಿ.

ಕುಷ್ಟಗಿ ವಿದ್ಯಾರ್ಥಿನಿ

ನಾನು ಬಿಎಸ್ಸಿ ಓದುತ್ತಿದ್ದೇನೆ, ರಜೆಯಲ್ಲಿ ಶಿಬಿರಗಳಿಗೆ ಸಹಾಯಕ್ಕೆ ಹೋಗುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ಮೇ ಮೊದಲ ವಾರದಲ್ಲಿ ನಮ್ಮ ಜಿಲ್ಲೆಗಳ ಮೇಲೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಬಳ್ಳಾರಿ, ಕೊಪ್ಪಳದಲ್ಲಿ ಮೊದಲು, ರಾಯಚೂರಿನಲ್ಲಿ ಕೆಲವು ದಿನ ಆದ ಮೇಲೆ. ಆ ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಆಗುತ್ತದೆ, ಆದರೆ ಮೋಡ ಇರುತ್ತದೆ. ರಜೆ ಶುರುವಾದಾಗಿನಿಂದ ದಿನಾ ಅದೇ ಹೊತ್ತಿಗೆ ಅಂಗಳದ ಕೋಲಿನ ನೆರಳಿನ ತುದಿಗೆ ಸುಣ್ಣದಲ್ಲಿ ಗುರುತು ಹಾಕಿಸಿ. ಎರಡು ನಿಮಿಷದ ಕೆಲಸ, ತಲೆಗೆ ಟವೆಲ್ ಹಾಕಿಕೊಂಡು ಹೋಗಿ ಬರಬಹುದು. ಗುರುತುಗಳು ದಿನಾ ಕೋಲಿನ ಹತ್ತಿರ ಬರುತ್ತವೆ. ಒಂದು ದಿನ ಕೋಲಿನ ಬುಡಕ್ಕೇ ಬರುತ್ತದೆ, ಆಮೇಲೆ ನೆರಳು ದಕ್ಷಿಣದ ಕಡೆಗೆ ಹೊರಳುತ್ತದೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಮಕ್ಕಳು ಇದನ್ನು ಚೆನ್ನಾಗಿ ನೆನಪಿಡುತ್ತಾರೆ.

ಹಾಗೇ ಕೂರಲು ಆಗದ ಮಕ್ಕಳ ಬಗ್ಗೆ. ಕೆಲವರಿಗೆ ಒಂದು ನಿಮಿಷ ಕೂತರೂ ಮೈಯೆಲ್ಲಾ ಕುಣಿಯುತ್ತದೆ. ಅವರನ್ನು ಬೈದು ಕೂರಿಸಿದರೆ ಆ ಜಾಗವೇ ಶಿಕ್ಷೆಯ ಜಾಗ ಆಗುತ್ತದೆ. ನಾನು ಅಂಥವರ ಜೊತೆ ನಿಧಾನವಾಗಿ ನಡೆಯುತ್ತೇನೆ. ಒಂದು ಮರದಿಂದ ಇನ್ನೊಂದು ಮರಕ್ಕೆ, ಒಣ ಎಲೆ ಸದ್ದಾಗದ ಹಾಗೆ ಹೆಜ್ಜೆ ಇಡಬೇಕು. ಇದಕ್ಕೆ ಕೂರುವುದಕ್ಕಿಂತ ಜಾಸ್ತಿ ಗಮನ ಬೇಕು, ಆದರೆ ಅವರಿಗೆ ಇದು ಸುಲಭ.

ಕೊಪ್ಪಳದ ತಾಯಿ

ಇಷ್ಟೊಂದು ಜನ ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮನೆಯವರಿಗೆ ಎಲ್ಲಾ ಓದಿ ಹೇಳಿದೆ. ಮೇಷ್ಟ್ರು ಹೇಳಿದ ಹಾಗೆ ಬೆಳಿಗ್ಗೆ ಶಿಬಿರ, ಹತ್ತರಿಂದ ಕೋಚಿಂಗ್ ಅಂದರೆ ಆಗಬಹುದು ಅಂದಿದ್ದಾರೆ. ಆದರೆ ಗಂಗಾವತಿಗೆ ದಿನಾ ಹೋಗಿ ಬರೋದು ಆಗದ ಮಾತು. ಹಾಗಾಗಿ ಮಗಳನ್ನು ಮಾತ್ರ ಶಿಬಿರಕ್ಕೆ ಕಳಿಸಿ, ಮಗನ ಜೊತೆ ನಾನೇ ದಿನಾ ಬೆಳಿಗ್ಗೆ ಮನೆ ಹತ್ತಿರ ಕೂರೋಣ ಅಂತಿದ್ದೇನೆ. ಹಿರೇಹಳ್ಳದ ಕಡೆ ನಮ್ಮ ಅಣ್ಣನ ತೋಟ ಇದೆ.

ಇನ್ನು ಮೂರು ಪ್ರಶ್ನೆ. ಮಗಳು ದೊಡ್ಡವಳಾಗಿದ್ದಾಳೆ, ಅಲ್ಲಿ ಶೌಚಾಲಯ, ಹೆಣ್ಣುಮಕ್ಕಳು ನೋಡಿಕೊಳ್ಳೋದು ಹೇಗೆ? ಫೋನ್ ಪೂರ್ತಿ ಇಲ್ಲವಾ? ಮತ್ತೆ ಸಂಜೆ ಕತ್ತಲಾಗುವವರೆಗೆ ಇರುತ್ತಾರೆ, ಟಾರ್ಚ್ ಬಳಸುವುದಿಲ್ಲ ಅಂತ ಗೆಳತಿ ಹೇಳಿದಳು, ಅದಕ್ಕೆ ಹೆದರಿಕೆ ಆಯಿತು.

ಗಂಗಾವತಿ ಅಕ್ಕ

ಮಗನ ಜೊತೆ ನೀವೇ ಕೂರುವುದು ಎಲ್ಲಕ್ಕಿಂತ ಒಳ್ಳೆಯದು. ಒಂದೇ ಷರತ್ತು, ನಿಮ್ಮ ಫೋನೂ ಮನೆಯಲ್ಲೇ ಇರಬೇಕು. ಮತ್ತೆ ಏನು ಕಂಡೆ, ಎಷ್ಟು ಕಂಡೆ ಅಂತ ಪರೀಕ್ಷೆ ಮಾಡಬೇಡಿ. ಅವನಾಗೇ ಹೇಳಿದರೆ ಕೇಳಿ.

ಶಿಬಿರ ಯಾವುದೇ ಇರಲಿ, ಹಣ ಕಟ್ಟುವ ಮೊದಲು ನೀವೇ ಹೋಗಿ ಶೌಚಾಲಯದ ಬಾಗಿಲು, ಚಿಲಕ, ನೀರು ನೋಡಿ ಬನ್ನಿ. ರಾತ್ರಿ ಉಳಿಯುವ ಶಿಬಿರ ಆದರೆ ಹೆಣ್ಣುಮಕ್ಕಳ ಕೋಣೆಯಲ್ಲಿ ಯಾವ ಮಹಿಳೆ ಇರುತ್ತಾರೆ ಅಂತ ಹೆಸರು ಕೇಳಿ. ನಮ್ಮಲ್ಲಿ ಪ್ಯಾಡ್, ಬದಲಿ ಬಟ್ಟೆ ಇಟ್ಟಿರುತ್ತೇವೆ. ಆ ದಿನಗಳಲ್ಲಿ ನಡಿಗೆ ಬೇಡ ಅನಿಸಿದರೆ ಕಾರಣ ಹೇಳದೆ ಒಳಗೆ ಉಳಿಯಬಹುದು, ಇದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿಬಿಡುತ್ತೇವೆ. ಮಕ್ಕಳ ಹತ್ತಿರ ಫೋನ್ ಇರುವುದಿಲ್ಲ. ನಮ್ಮ ಹತ್ತಿರ ಇರುತ್ತದೆ, ಸಂಜೆ ಒಮ್ಮೆ ಮನೆಗೆ ಮಾತಾಡಿಸುತ್ತೇವೆ.

ಟಾರ್ಚ್ ವಿಷಯ ಸ್ಪಷ್ಟ ಮಾಡುತ್ತೇನೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೆ ಗುಡಿಸಿ ಚೊಕ್ಕ ಮಾಡಿದ ಅಂಗಳದಲ್ಲಿ ಚಾಪೆ ಹಾಸಿ ಕೂತಾಗ ಮಾತ್ರ ದೀಪ ಆರಿಸುತ್ತೇವೆ. ಮೇ ತಿಂಗಳ ಸಂಜೆ ಸಪ್ತರ್ಷಿ ಮಂಡಲ ಉತ್ತರಕ್ಕೆ ಎತ್ತರದಲ್ಲಿರುತ್ತದೆ, ವಸಿಷ್ಠ ಅರುಂಧತಿ ಎರಡನ್ನೂ ಬಿಡಿಸಿ ನೋಡೋಕೆ ಆಗುತ್ತಾ ಅಂತ ಮಕ್ಕಳು ಪ್ರಯತ್ನ ಮಾಡುತ್ತಾರೆ. ಅಂಗಳದಿಂದ ಒಂದು ಹೆಜ್ಜೆ ಆಚೆ ಹೋಗಬೇಕಾದರೂ ಟಾರ್ಚ್ ಕೈಯಲ್ಲಿರಲೇಬೇಕು. ಬಿಸಿಲು ಇಳಿದ ಮೇಲೆ ಹಾವುಗಳು ಹೊರಗೆ ಬರುವ ಹೊತ್ತು ಅದೇ. ಮಗಳಿಗೆ ಮುಚ್ಚಿದ ಶೂ, ಪೂರ್ತಿ ತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಅವಳದೇ ನೀರಿನ ಬಾಟಲಿ ಮತ್ತು ಒಂದು ಟಾರ್ಚ್ ಕೊಟ್ಟು ಕಳಿಸಿ. ಟಾರ್ಚ್‌ಗೆ ಬೇರೆ ಸೆಲ್ ಕೂಡ ಇಡಿ.